ಕ್ಯಾಸೆಟ್ ಡೆಕ್ಕೋ, ಫೋನೋ? ಶ್ರುತಿ ಹಿಡಿದು ಕೂರುವವರಿಗೆ ಫೋನೇ ಸರಿ

ಅಪ್ಪ ಬೈಠಕ್‌ಗಳಲ್ಲಿ, ಅಂದರೆ ಸಣ್ಣ ಸಂಗೀತ ಕೂಟಗಳಲ್ಲಿ, ರೆಕಾರ್ಡ್ ಮಾಡಿದ ಕ್ಯಾಸೆಟ್‌ಗಳು ಮನೆಯಲ್ಲಿ ರಾಶಿ ಇವೆ. ಅವುಗಳಿಗಾಗಿ ಬೆಳಗಾವಿಯ ಖಡೇಬಜಾರ್ ಕಡೆ ಒಂದು ಹಳೇ ಡೆಕ್ ಕೊಂಡೆ. ಫೋನಿಗೆ ವೈರ್ ಹಾಕುವ ಸ್ಪೀಕರ್ ಜೋಡಿ ಮೊದಲೇ ಇತ್ತು. ಎರಡರಲ್ಲೂ ಕೇಳಿದ ಮೇಲೆ ಧೈರ್ಯವಾಗಿ ಹೇಳುತ್ತೇನೆ, ನನಗೆ ಫೋನೇ ಇಷ್ಟ. ನಾನು ಸುಮ್ನೆ ಕೂತು ಕೇಳುವವನಲ್ಲ. ಹಾರ್ಮೋನಿಯಂ ಮುಂದಿಟ್ಟುಕೊಂಡು, ಜೊತೆಗೆ ನುಡಿಸುತ್ತಲೇ ಹಿಂದೂಸ್ತಾನಿ ಗಾಯನದ ಖಯಾಲ್ ಕೇಳುತ್ತೇನೆ.

ಡೆಕ್‌ನ ಕಾಟ ಇರುವುದೇ ಅಲ್ಲಿ. ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಓಡಿಸುವುದು ಒಂದು ರಬ್ಬರ್ ಬೆಲ್ಟ್. ಹಳೆಯದಾದಂತೆ ಅದು ಸಡಿಲವಾಗುತ್ತದೆ, ಕೆಲವು ಸಲ ಕರಗಿ ಡಾಂಬರಿನ ಹಾಗೆ ಅಂಟುತ್ತದೆ. ವೇಗ ನೂರಕ್ಕೆ ಆರರಷ್ಟು ಇಳಿದರೆ ಸಾಕು, ಕರಿ ಒಂದರಲ್ಲಿ (ಹಾರ್ಮೋನಿಯಂನ ಮೊದಲ ಕರಿ ಮನೆಯ ಶ್ರುತಿ) ಹಾಡಿದವರು ಅದರ ಹಿಂದಿನ ಮನೆಯಾದ ಬಿಳಿ ಒಂದರಲ್ಲಿ ಕೇಳಿಸುತ್ತಾರೆ. ಹಾಗೆ ಪೂರ್ತಿ ಒಂದು ಮನೆ ಇಳಿದಿದ್ದರೆ ಪಕ್ಕದ್ದನ್ನು ಒತ್ತಬಹುದಿತ್ತು. ನನ್ನ ಡೆಕ್‌ನಲ್ಲಿ ಷಡ್ಜ (ಆಧಾರ ಸ್ವರ ‘ಸ’) ಎರಡು ಮನೆಗಳ ನಡುವೆ ಸಿಕ್ಕಿಕೊಂಡಿತ್ತು. ಹಾರ್ಮೋನಿಯಂನಲ್ಲಿ ಆ ಸ್ವರವೇ ಇಲ್ಲ!

ಅಳತೆಗೆ ಸರಿಯಾದ ಬೆಲ್ಟ್‌ಗಾಗಿ ಅಂಗಡಿ ಅಂಗಡಿ ಅಲೆದೆ. ಹಾಕಿಸಿದ ಮೇಲೆ ಶ್ರುತಿ ಮೇಲಕ್ಕೆ ಹೋಯಿತು. ಮೋಟಾರಿನ ಸಣ್ಣ ಸ್ಕ್ರೂ ತಿರುಗಿಸಿ ಒಂದು ಕ್ಯಾಸೆಟ್‌ಗೆ ಹೊಂದಿಸಿದರೆ ಇನ್ನೊಂದು ತಪ್ಪುತ್ತದೆ. ರೆಕಾರ್ಡ್ ಮಾಡಿದ ದಿನ ಅಪ್ಪನ ಟೇಪ್‌ರೆಕಾರ್ಡರ್ ಯಾವ ವೇಗದಲ್ಲಿ ಓಡಿತ್ತೋ ಯಾರಿಗೆ ಗೊತ್ತು?

ಡಿಜಿಟಲ್‌ನಲ್ಲಿ ಈ ಗೋಳಿಲ್ಲ. ಸಿಡಿ ಗುಣಮಟ್ಟದ ಫೈಲ್ ಎಂದರೆ ಸದ್ದಿನಿಂದ ಸೆಕೆಂಡಿಗೆ ತೆಗೆದ 44,100 ಮಾದರಿಗಳು, ಓಡಿಸುವಾಗಲೂ ಅದೇ ಲೆಕ್ಕ. ಬೆಳಿಗ್ಗೆ ಕೇಳಿದರೂ ರಾತ್ರಿ ಕೇಳಿದರೂ ಷಡ್ಜ ಅದೇ ಜಾಗದಲ್ಲಿ.

ಟೇಪಿನ ಸುಂಯ್ ಸದ್ದು ನನಗೆ ತೊಂದರೆ ಅನ್ನಿಸಿಲ್ಲ. ನಮ್ಮೂರಿನ ಮಳೆಗಾಲದಲ್ಲಿ ಟೇಪಿಗೆ ಬೂಸ್ಟು ಹಿಡಿಯುವುದು ಮಾತ್ರ ಭಯ. ತೊಂಬತ್ತು ನಿಮಿಷದ ಕ್ಯಾಸೆಟ್‌ನಲ್ಲೂ ಒಂದು ಸೈಡ್‌ಗೆ 45 ನಿಮಿಷ, ವಿಲಂಬಿತ್, ಅಂದರೆ ನಿಧಾನ ಲಯದ ಭಾಗ, ರಂಗೇರುವಾಗಲೇ ಟಕ್ ಅಂತ ನಿಲ್ಲುತ್ತದೆ.

ಫೋನಿನಲ್ಲೂ ಕಿರಿಕಿರಿ ಇದೆ. ಹಾಡಿನ ಆ್ಯಪ್‌ಗೆ ದುಡ್ಡು ಕಟ್ಟದಿದ್ದರೆ ವಿಲಂಬಿತ್ ಮುಗಿದು ವೇಗದ ದ್ರುತ್ ಶುರುವಾಗುವ ಮುಂಚೆ ಜಾಹೀರಾತು ನುಗ್ಗುತ್ತದೆ. ತಂಬೂರಿಯ ನಾದ ಕಿವಿಯಲ್ಲಿರುವಾಗ ಸಾಬೂನಿನ ಹಾಡು, ಹೊಟ್ಟೆ ಉರಿಯುತ್ತದೆ. ಹಾಗಾಗಿ ದುಡ್ಡು ಕಟ್ಟಿದೆ. ಬೆಲ್ಟಿಗೆ ಅಲೆದ ಪೆಟ್ರೋಲ್ ಖರ್ಚು ನೋಡಿದರೆ ಅದು ಜಾಸ್ತಿಯಲ್ಲ.

ಆದರೂ ಡೆಕ್ ಮಾರುವುದಿಲ್ಲ. ಅಪ್ಪನ ಬೈಠಕ್‌ಗಳು ಯಾವ ಆ್ಯಪ್‌ನಲ್ಲೂ ಸಿಗುವುದಿಲ್ಲ ಅಲ್ವಾ? ಡೆಕ್‌ನಿಂದ ಕಂಪ್ಯೂಟರಿಗೆ ಕೇಬಲ್ ಹಾಕಿ ಒಂದೊಂದನ್ನೇ ಇಳಿಸುತ್ತಿದ್ದೇನೆ, ವೇಗವನ್ನು ಅಲ್ಲೇ ಸರಿಮಾಡುತ್ತೇನೆ. ವೇವ್ ಫೈಲ್ ಆಗಿ ಇಟ್ಟರೆ ಗಂಟೆಗೆ ಸುಮಾರು 635 ಎಂಬಿ ಬೇಕು. ಎಂಪಿ3 ಬೇಕಿದ್ದರೆ ಅದರಿಂದಲೇ ಆಮೇಲೆ ಮಾಡಿಕೊಳ್ಳಿ.