ಹಳೇ ಕಾರ್ ಕಿಟ್ 'ಸೀಲ್ ಒಡೆದಿಲ್ಲ' ಅಂತ ಮಾರ್ತಿದ್ರೆ, ದುಡ್ಡು ಕೊಡೋ ಮುಂಚೆ ಇದನ್ನ ಓದಿ

ಹಳೇ ಪ್ಲಾಸ್ಟಿಕ್ ಕಾರ್ ಕಿಟ್, ಅಂದ್ರೆ ಬಿಡಿ ಪಾರ್ಟುಗಳನ್ನ ಅಂಟಿಸಿ ಕಟ್ಟೋ ಮಾಡೆಲ್ ಕಾರು, ಹುಡುಕ್ತಾ ಇರೋರಿಗೆ ಮೊದಲೇ ಹೇಳ್ಬಿಡ್ತೀನಿ. 'ಫ್ಯಾಕ್ಟರಿ ಸೀಲ್ಡ್' ಅಂತ ದುಪ್ಪಟ್ಟು ರೇಟಿಗೆ ಕೂತಿರೋ ಡಬ್ಬಕ್ಕಿಂತ, ಯಾರೋ ಬಿಚ್ಚಿ ಒಳಗಿರೋದನ್ನೆಲ್ಲ ಟೇಬಲ್ ಮೇಲೆ ಹರಡಿ ಫೋಟೋ ಹಾಕಿರೋ ಡಬ್ಬ ಎಷ್ಟೋ ವಾಸಿ. ಸೀಲ್ ಇದೆ ಅಂದ್ರೆ ಒಳಗೆ ಏನಿದೆ ಅಂತ ನಿಮಗೂ ಗೊತ್ತಿಲ್ಲ, ಮಾರೋನಿಗೂ ಗೊತ್ತಿಲ್ಲ. ಅಥವಾ ಅವನಿಗೆ ಚೆನ್ನಾಗೇ ಗೊತ್ತಿದೆ.

ನನಗೆ ಬೇಕಾಗಿದ್ದು ಎಪ್ಪತ್ತರ ದಶಕದ ಒಂದು ಅಮೆರಿಕನ್ ಮಸಲ್ ಕಾರ್, 1/25 ಸ್ಕೇಲು, ಅಂದ್ರೆ ನಿಜವಾದ ಕಾರಿನ ಇಪ್ಪತ್ತೈದನೇ ಒಂದು ಭಾಗದಷ್ಟು ಉದ್ದ. ಜಪಾನಿನ ಟಮಿಯಾ, ಫುಜಿಮಿ, ಆಓಶಿಮಾ ಕಂಪನಿಗಳೆಲ್ಲ ಕಾರ್ ಕಿಟ್ ಮಾಡೋದು ಹೆಚ್ಚಾಗಿ 1/24ರಲ್ಲಿ, ಹಳೇ ಅಮೆರಿಕನ್ ಕಿಟ್‌ಗಳು ಹೆಚ್ಚಾಗಿ 1/25, ನನ್ನ ಶೆಲ್ಫಲ್ಲಿ ಆ ಸಾಲಿಗೆ ಇದೊಂದು ಕಮ್ಮಿ ಇತ್ತು. ಆನ್‌ಲೈನಲ್ಲಿ ಒಬ್ಬ ಹಾಕಿದ್ದ, ಮೊದಲ ಸುತ್ತಿನ ಒರಿಜಿನಲ್, ಸೀಲ್ ಒಡೆದಿಲ್ಲ ಅಂತ. ಡಬ್ಬದ ಎಲ್ಲಾ ಮಗ್ಗುಲಿನ ಫೋಟೋ ಕೇಳ್ದೆ, ಕಳಿಸ್ದ. ರೀ-ಇಶ್ಯೂ, ಅಂದ್ರೆ ಹಳೇ ಅಚ್ಚಿಂದ ಆಮೇಲೆ ಮತ್ತೆ ತೆಗೆದ ಕಿಟ್, ಅಲ್ವಲ್ಲ ಅಂತ ಕೇಳ್ದೆ, ನೂರಕ್ಕೆ ನೂರು ಒರಿಜಿನಲ್ ಸಾರ್, ಒಬ್ಬ ಕಲೆಕ್ಟರ್ ಕಪಾಟಿಂದ ಬಂದಿರೋದು ಅಂದ. ಸುತ್ತಿರೋದು ಹಳೇ ಪ್ಲಾಸ್ಟಿಕ್ಕೇನಾ ಅಂತಾನೂ ಕೇಳಿದ್ದೆ, ಅದಕ್ಕೂ ಹೌದು ಅಂದಿದ್ದ, ಎಲ್ಲಾ ಮೆಸೇಜಲ್ಲೇ ಇದೆ.

ಬಂತು. ಪ್ಲಾಸ್ಟಿಕ್ ಎಷ್ಟು ಬಿಗಿಯಾಗಿ ಸುತ್ತಿತ್ತು ಅಂದ್ರೆ ಡಬ್ಬದ ಮುಚ್ಚಳ ಮಧ್ಯದಲ್ಲಿ ಒಳಗೆ ಬಾಗಿತ್ತು. ಲೈಟ್ ಕೆಳಗೆ ಹಿಡ್ಕೊಂಡು ನೋಡ್ದಾಗ ಒಂದು ಮೂಲೇಲಿ ಹಳೇ ಬೆಲೆ ಸ್ಟಿಕ್ಕರ್ ಕಿತ್ತಿರೋ ಗುರುತು, ರಟ್ಟಿನ ಬಣ್ಣ ಎದ್ದು ಬಿಳಿ ನಾರು ಕಾಣ್ತಿದೆ, ಆದ್ರೆ ಅದರ ಮೇಲೆ ಪ್ಲಾಸ್ಟಿಕ್ ಮಾತ್ರ ಒಂದು ಗೀರೂ ಇಲ್ಲದೆ ಫಳಫಳ. ಅಲ್ಲಾ, ಪ್ಲಾಸ್ಟಿಕ್ ಒಳಗೆ ಕೈ ಹಾಕಿ ಸ್ಟಿಕ್ಕರ್ ಕಿತ್ತೋರು ಯಾರು? ಅವನು ಹಾಕಿದ್ದ ಫೋಟೋದಲ್ಲಿ ಅದೇ ಮೂಲೆಗೆ ಲೈಟ್ ಹೊಡೆದು ಬೆಳ್ಳಗಾಗಿತ್ತು, ಕಾಕತಾಳೀಯ ಅಂತೆ.

ಒಳಗಡೆ ಕಥೆ ಕೇಳಿ. ಮುಂದಿನ ಗಾಜು, ಅಂದ್ರೆ ವಿಂಡ್‌ಶೀಲ್ಡ್ ಪೀಸ್, ಅದರ ಮೇಲೆ ಟೈರಿನ ಅಚ್ಚು ಇಳಿದಿತ್ತು. ಕಮಾನಿನ ಹಾಗೆ ಒಂದು ಗೆರೆ, ಅದರ ಪಕ್ಕ ಟ್ರೆಡ್ಡಿನ ಸಣ್ಣ ಸಣ್ಣ ಹಲ್ಲು ಕೂಡ ಎಣಿಸಬಹುದಿತ್ತು, ಟೈರು ಗಾಜಿಗೆ ಅಂಟ್ಕೊಂಡು ಕರಗಿ ಒಳಗೆ ಇಳ್ದಿದೆ. ಎಳೆದ್ರೆ ಒಂದು ಚೂರು ಕಪ್ಪು ಗಾಜಲ್ಲೇ ಉಳೀತು. ಡೆಕಾಲ್ ಶೀಟು, ಅಂದ್ರೆ ನೀರಲ್ಲಿ ನೆನೆಸಿ ಕಾರಿಗೆ ಅಂಟಿಸೋ ಚಿತ್ರಗಳ ಹಾಳೆ, ಹಳದಿ, ಬಗ್ಗಿಸಿದ್ರೆ ಬಿರುಕು. ಇದೆರಡೂ ವಯಸ್ಸಿಂದ ಆಗೋದೇ, ಬಿಡಿ. ಆದ್ರೆ ಸೂಚನಾ ಹಾಳೆ ಫೋಟೋಕಾಪಿ! ಮಡಿಕೆಯ ನೆರಳು ಸಮೇತ ಪ್ರಿಂಟ್ ಆಗಿದೆ, ಹಾಳೇಲಿ ಮಡಿಕೆ ಮಾತ್ರ ಇಲ್ಲ. ಹಿಂದಿನ ಬಂಪರ್ ಬಾಡಿಗೆ ಕೂರ್ತಾನೇ ಇಲ್ಲ, ಅದು ಅದೇ ಕಾರಿನ ಬೇರೆ ವರ್ಷದ ಮಾಡೆಲಿಂದು. ಇಂಜಿನ್ ಬ್ಲಾಕಿನ ಎರಡು ಅರ್ಧ ಆಗ್ಲೇ ಅಂಟಿಸಿದ್ದು, ಜೋಡಣೆಯಿಂದ ಉಕ್ಕಿರೋ ಅಂಟಿನ ಮೇಲೆ ಯಾರದೋ ಹೆಬ್ಬೆಟ್ಟಿನ ಗೆರೆ ಸ್ಪಷ್ಟವಾಗಿ ಮೂಡಿದೆ. ಫ್ಯಾಕ್ಟರಿ ಸೀಲ್ಡ್ ಡಬ್ಬದೊಳಗೆ ಅಂಟಿಸಿದ ಇಂಜಿನ್. ನಗ್ಬೇಕೋ ಅಳ್ಬೇಕೋ.

ಮೆಸೇಜ್ ಮಾಡ್ದೆ, ಫೋಟೋ ಎಲ್ಲಾ ಹಾಕಿ. ಉತ್ತರ ಏನ್ ಗೊತ್ತಾ, 'ಸೀಲ್ಡ್ ಐಟಂ ಸಾರ್, ಒಳಗಿರೋದಕ್ಕೆ ನಾನು ಹೇಗೆ ಜವಾಬ್ದಾರ, ನಾನೂ ಬಿಚ್ಚಿ ನೋಡಿಲ್ಲ'. ಸರಿ ವಾಪಸ್ ತಗೋ ಅಂದ್ರೆ 'ನೀವು ಸೀಲ್ ಒಡೆದ್ಬಿಟ್ರಲ್ಲ, ಇನ್ನು ರಿಟರ್ನ್ ಆಗಲ್ಲ'. ಅಂದ್ರೆ ಒಡೀದಿದ್ರೆ ಮೋಸ ಗೊತ್ತಾಗಲ್ಲ, ಒಡೆದ್ರೆ ದೂರು ನಡೆಯಲ್ಲ. ಈ ಎರಡು ವಾಕ್ಯಕ್ಕೋಸ್ಕರಾನೇ ಆ ಪ್ಲಾಸ್ಟಿಕ್ ಸುತ್ತಿರೋದು ಅಂತ ನನಗನ್ಸುತ್ತೆ, ಡಬ್ಬ ಕಾಪಾಡೋಕಂತೂ ಅಲ್ಲ. ಆಮೇಲೆ ಸ್ಟಿಕ್ಕರ್ ಗುರುತಿನ ಫೋಟೋ ಕಳಿಸಿದ್ಮೇಲೆ ಉತ್ತರಾನೇ ಇಲ್ಲ, ದುಡ್ಡಂತೂ ಹೋಯ್ತು.

ಶ್ರಿಂಕ್, ಅಂದ್ರೆ ಬಿಸಿಗೆ ಕುಗ್ಗಿ ಬಿಗಿಯಾಗೋ ಪ್ಲಾಸ್ಟಿಕ್, ಸುತ್ತೋದು ಏನೂ ಬ್ರಹ್ಮವಿದ್ಯೆ ಅಲ್ಲ. ಫಿಲ್ಮ್ ರೋಲು, ಅಂಚು ಬೆಸೆಯೋ ಸೀಲರ್, ಒಂದು ಹೀಟ್ ಗನ್, ಇಷ್ಟಿದ್ರೆ ಯಾರ ಮನೇಲಿ ಬೇಕಾದ್ರೂ 'ಫ್ಯಾಕ್ಟರಿ' ರೆಡಿ. ಪ್ರಾಮಾಣಿಕವಾಗಿ ಡಬ್ಬ ಧೂಳಾಗದೆ ಇರ್ಲಿ ಅಂತ ಸುತ್ತಿಡೋ ಕಲೆಕ್ಟರ್‌ಗಳೂ ಇದಾರೆ, ಅದು ತಪ್ಪಲ್ಲ, ಆದ್ರೆ ಆ ಡಬ್ಬ ಕೈಯಿಂದ ಕೈಗೆ ಹೋಗ್ತಾ ಹೋಗ್ತಾ ಮೂರನೇಯವನ ಹತ್ರ 'ಸೀಲ್ ಒಡೆದಿಲ್ಲ' ಆಗ್ಬಿಡುತ್ತೆ. ಇನ್ನು ಟಮಿಯಾ ಥರದ ಜಪಾನಿ ಡಬ್ಬಗಳು ಸಾಮಾನ್ಯವಾಗಿ ಹೊರಗಡೆ ಸುತ್ತೇ ಬರಲ್ಲ, ಮುಚ್ಚಳ ಎತ್ತಿದ್ರೆ ಒಳಗೆ ಒಂದೊಂದು ಟ್ರೀನೂ (ಪಾರ್ಟುಗಳು ಅಂಟ್ಕೊಂಡಿರೋ ಪ್ಲಾಸ್ಟಿಕ್ ಚೌಕಟ್ಟು) ಕವರಲ್ಲಿರುತ್ತೆ. ಅಂಥ ಹಳೇ ಡಬ್ಬಕ್ಕೆ ಹೊರಗೆ ಬಿಗಿ ಪ್ಲಾಸ್ಟಿಕ್ ಸುತ್ತಿ ಸೀಲ್ಡ್ ಅಂತ ಹಾಕಿದ್ರೆ ಮೊದಲು ಯಾರು ಸುತ್ತಿದ್ದು ಅಂತ ಕೇಳಿ.

ಇನ್ನೊಂದು ಆಟ ಅಂದ್ರೆ ವರ್ಷದ್ದು. ಸ್ಟೀಲ್ ಅಚ್ಚು ಒಂದ್ಸಲ ಮಾಡಿದ್ರೆ ದಶಕಗಟ್ಟಲೆ ಬಾಳುತ್ತೆ, ಕಂಪನಿಗಳು ಅದರಿಂದ ಮತ್ತೆ ಮತ್ತೆ ಕಿಟ್ ತೆಗೀತಾವೆ, ಈಗ ಎಎಂಟಿ, ಎಂಪಿಸಿ ಅನ್ನೋ ಹಳೇ ಅಮೆರಿಕನ್ ಕಿಟ್ ಹೆಸರುಗಳೆಲ್ಲ ರೌಂಡ್ 2 ಅನ್ನೋ ಕಂಪನಿ ಕೈಲಿವೆ, ಅವರು ಹಳೇ ಡಬ್ಬದ ಚಿತ್ರಾನೇ ಹಾಕಿ ಹೊಸದಾಗಿ ಬಿಡ್ತಾರೆ, ಅದು ಮುಚ್ಚುಮರೆ ಏನಲ್ಲ, ಒಳ್ಳೇ ಕೆಲಸಾನೇ. ಆದ್ರೆ ಹಳೇ ಚಿತ್ರ ನೋಡಿ ಹಳೇ ಕಿಟ್ ಅಂತ ಮಾರೋರು ಇರ್ತಾರೆ. ಚಾಸಿ ಕೆಳಗೆ ಕೆತ್ತಿರೋ ವರ್ಷ ಅಚ್ಚು ಮಾಡಿದ ವರ್ಷ, ಆ ಪ್ಲಾಸ್ಟಿಕ್ ಅಚ್ಚಿಂದ ಹೊರಗೆ ಬಂದ ವರ್ಷ ಅಲ್ಲ, ಇದೊಂದು ನೆನಪಿಟ್ಕೊಳ್ಳಿ. ಬಾರ್‌ಕೋಡ್ ನೋಡಿ. ಅಂಗಡೀಲಿ ಮೊದಲ ಬಾರ್‌ಕೋಡ್ ಸ್ಕ್ಯಾನ್ ಆಗಿದ್ದೇ 1974ರಲ್ಲಿ, ಹಾಗಾಗಿ ಅರವತ್ತರ ದಶಕದ ಒರಿಜಿನಲ್ ಅಂತ ಮಾರೋ ಡಬ್ಬದ ಮೇಲೆ ಬಾರ್‌ಕೋಡ್ ಅಚ್ಚಾಗಿದ್ರೆ ಅಲ್ಲಿಗೇ ಮಾತು ಮುಗೀತು. ರೆವೆಲ್, ಮೋನೋಗ್ರಾಮ್ ಎರಡೂ ಕಿಟ್ ಕಂಪನಿಗಳ ಹೆಸರು ಒಟ್ಟಿಗಿದ್ರೆ ಅವೆರಡು ಸೇರಿದ 1986ರ ಈಚೆಗಿಂದು. ಎಎಂಟಿ ಜೊತೆ ಅರ್ಟಲ್ ಅನ್ನೋ ಕಂಪನಿ ಹೆಸರೂ ಇದ್ರೆ ಎಂಬತ್ತರ ದಶಕ ಅಥವಾ ಆಮೇಲಿಂದು. ಡಬ್ಬದ ಪಕ್ಕದಲ್ಲಿ ವೆಬ್‌ಸೈಟ್ ವಿಳಾಸ ಇಟ್ಕೊಂಡು 'ವಿಂಟೇಜ್' ಅಂತ ಹಾಕಿರೋದನ್ನೂ ನೋಡಿದೀನಿ, ಅವರಿಗೆ ಕೈ ಮುಗೀಬೇಕು. ಸ್ಕೇಲ್‌ಮೇಟ್ಸ್ ಅನ್ನೋ ವೆಬ್‌ಸೈಟಲ್ಲಿ ಎಷ್ಟೋ ಕಿಟ್‌ಗಳದ್ದು ಯಾವ್ಯಾವ ವರ್ಷ ಯಾವ್ಯಾವ ಡಬ್ಬದಲ್ಲಿ ಬಂತು ಅನ್ನೋ ಸಾಲು ಇರುತ್ತೆ, ಕೊಳ್ಳೋ ಮುಂಚೆ ಅಲ್ಲಿ ಡಬ್ಬ ಹೋಲಿಸಿ ನೋಡಿ.

ಈಗ ಆ ಟೈರಿನ ವಿಷಯ, ಯಾಕಂದ್ರೆ ಇದು ಮೋಸ ಇಲ್ಲದಿದ್ರೂ ನಿಮ್ಮ ಕಿಟ್ ಹಾಳು ಮಾಡುತ್ತೆ. ಹಳೇ ಕಿಟ್ ಟೈರುಗಳು ಹೆಚ್ಚಾಗಿ ವಿನೈಲ್, ಅಂದ್ರೆ ಪಿವಿಸಿ. ಅದು ಮೆತ್ತಗಿರಲಿ ಅಂತ ಪ್ಲಾಸ್ಟಿಸೈಸರ್ ಸೇರಿಸಿರ್ತಾರೆ, ಅದು ಒಳಗೇ ಇರಲ್ಲ, ವರ್ಷ ಕಳೆದ ಹಾಗೆ ನಿಧಾನಕ್ಕೆ ಜಿನುಗಿ ತಾಗಿರೋ ಪಾಲಿಸ್ಟೈರೀನನ್ನ ಮೆತ್ತಗೆ ಮಾಡಿ ತಿನ್ನುತ್ತೆ. ಬಾಡಿ, ಗಾಜು, ರಿಮ್ಮು ಎಲ್ಲಾ ಪಾಲಿಸ್ಟೈರೀನೇ. ಬಿಸಿ ಇದ್ರೆ ಇನ್ನೂ ಬೇಗ. ಬಾಡಿ ಮೇಲೆ ಗುಂಡಿ ಬಿದ್ರೆ ಪುಟ್ಟಿ ತುಂಬಿ ಮರಳು ಕಾಗದ ಹಾಕಿ ಪೇಂಟ್ ಹೊಡೆದು ಮುಚ್ಚಬಹುದು, ಗಾಜಿಗೆ ಆದ್ರೆ ಮುಚ್ಚೋದೆಲ್ಲಿ? ಮೇಲ್ಮೈ ಗೀರಾದ್ರೆ 2000 ಗ್ರಿಟ್‌ನಿಂದ ಮೇಲಕ್ಕೆ ನೀರು ಹಾಕಿ ಉಜ್ಜಿ ಪಾಲಿಶ್ ಮಾಡಿ ತೆಗೀಬಹುದು, ನಂದು ಅರ್ಧ ದಪ್ಪಕ್ಕೆ ಇಳಿದಿತ್ತು, ಉಜ್ಜಿದ್ರೆ ಗಾಜು ಅಲೆಅಲೆಯಾಗಿ ಆಚೆಗಿರೋದೆಲ್ಲ ಡೊಂಕಾಗಿ ಕಾಣುತ್ತೆ. ಸೀಲ್ ನಿಜವಾಗ್ಲೂ ಒರಿಜಿನಲ್ ಆಗಿದ್ರೆ ಈ ಅಪಾಯ ಕಮ್ಮಿ ಅಲ್ಲ, ಜಾಸ್ತಿ. ಯಾಕಂದ್ರೆ ಅಷ್ಟೂ ವರ್ಷ ಟೈರು ಎಲ್ಲಿ ಬಿದ್ದಿತ್ತೋ ಅಲ್ಲೇ ಬಿದ್ದಿದೆ, ಯಾರೂ ತೆಗೆದು ಬೇರೆ ಇಟ್ಟಿಲ್ಲ. ಬಿಚ್ಚಿದ ಕಿಟ್ಟಿಗೆ ಬೆಲೆ ಕಮ್ಮಿ, ಸೀಲ್ ಆಗಿರೋದಕ್ಕೆ ಜಾಸ್ತಿ ಅನ್ನೋದು ಕಟ್ಟೋರ ದೃಷ್ಟೀಲಿ ತಲೆಕೆಳಗಾದ ಲೆಕ್ಕ. ಡಬ್ಬ ಡಬ್ಬವಾಗೇ ಶೆಲ್ಫಲ್ಲಿಡೋರ ಮಾತು ಬೇರೆ, ಅವರ ದುಡ್ಡು ಅವರಿಷ್ಟ.

ಹಾಗಾಗಿ ಈಗ ನಾನು ಕೇಳೋದೇ ಬೇರೆ. ಬಿಚ್ಚಿದ್ದಾ? ಬಿಚ್ಚಿದ್ರೆ ಒಳ್ಳೇದಾಯ್ತು, ಪ್ರತೀ ಟ್ರೀ ಬಿಡಿಬಿಡಿಯಾಗಿ ಫೋಟೋ ಕೊಡಿ, ಗಾಜಿನ ಪೀಸನ್ನ ಕಪ್ಪು ಬಟ್ಟೆ ಮೇಲಿಟ್ಟು ಒಂದು, ಬಾಡಿಯ ಎ-ಪಿಲ್ಲರ್ (ಮುಂದಿನ ಗಾಜಿನ ಪಕ್ಕದ ಕಂಬ) ಹತ್ರದಿಂದ ಒಂದು, ಯಾಕಂದ್ರೆ ಮೊದಲು ಬಿರುಕು ಬಿಡೋದು ಆ ಸಪೂರ ಕಂಬವೇ. ಕ್ರೋಮ್ ಟ್ರೀ, ಟೈರು, ಡೆಕಾಲು. ಸೂಚನಾ ಹಾಳೆಯ ಸ್ಕ್ಯಾನ್ ಆನ್‌ಲೈನಲ್ಲಿ ಸಿಕ್ಕಿದ್ರೆ ಪಕ್ಕಕ್ಕಿಟ್ಕೊಂಡು ಒಂದೊಂದೇ ಟಿಕ್ ಹಾಕಿ, ಹಳೇ ಅಮೆರಿಕನ್ ಕಿಟ್‌ಗಳಲ್ಲಿ ಎಷ್ಟೋ ಸಲ ಪಾರ್ಟುಗಳು ಟ್ರೀಯಿಂದ ಉದುರಿ ಡಬ್ಬದ ತಳದಲ್ಲಿರ್ತಾವೆ, ಸೈಡ್ ಮಿರರ್ ಥರದ್ದು ಕಳೆದೋಗಿದ್ರೆ ಗೊತ್ತೇ ಆಗಲ್ಲ. ಇಷ್ಟು ಕೇಳಿದ್ದಕ್ಕೆ ಸಿಡುಕೋನ ಹತ್ರ ನಾನು ವ್ಯಾಪಾರ ಮಾಡಲ್ಲ. ಸೀಲ್ ಇರೋದೇ ಬೇಕು ಅಂದ್ರೆ, ಒಳಗೆ ಪಾರ್ಟ್ ಕಮ್ಮಿ ಇದ್ರೆ ಅಥವಾ ಬೇರೆ ಇಶ್ಯೂದು ಅಂತಾದ್ರೆ ಬಿಚ್ಚಿದ್ಮೇಲೂ ವಾಪಸ್ ತಗೋತೀನಿ ಅಂತ ಬರಹದಲ್ಲಿ ಹೇಳಿಸ್ಕೊಳ್ಳಿ, ಪಾರ್ಸೆಲ್ ಬಿಚ್ಚೋದನ್ನ ಕಟ್ ಇಲ್ಲದೆ ವಿಡಿಯೋ ಮಾಡಿ, ಪ್ಲಾಸ್ಟಿಕ್ ಕತ್ತರಿಸೋ ಮುಂಚೆ ಮೂಲೆಗಳನ್ನ ಹತ್ತಿರದಿಂದ ತೋರ್ಸಿ. ದೂರು ಕೊಡೋ ವ್ಯವಸ್ಥೆ ಇರೋ ಪೇಮೆಂಟಲ್ಲೇ ದುಡ್ಡು ಕೊಡಿ. ಅಲುಗಾಡಿಸಿ ಸದ್ದು ಕೇಳೋದ್ರಿಂದ ಏನೂ ತಿಳಿಯಲ್ಲ, ಬೇರೆ ಕಿಟ್ಟಿನ ಪಾರ್ಟೂ ಹಾಗೇ ಸದ್ದು ಮಾಡುತ್ತೆ.

ನಿಮ್ಮ ಹತ್ರ ಆಗ್ಲೇ ಸೀಲ್ ಇರೋ ಹಳೇ ಕಿಟ್ ಇದ್ದು, ಅದನ್ನ ಯಾವತ್ತಾದ್ರೂ ಕಟ್ಟೋ ಯೋಚನೆ ಇದ್ರೆ ಈಗ್ಲೇ ಬಿಚ್ಚಿ. ಟೈರುಗಳನ್ನ ಬೇರೆ ಜಿಪ್ ಕವರಿಗೆ ಹಾಕಿ, ಗಾಜನ್ನ ಇನ್ನೊಂದಕ್ಕೆ, ಡೆಕಾಲ್ ತೇವ ತಾಗದ ಹಾಗೆ ಸಪಾಟಾಗಿ ಮತ್ತೊಂದಕ್ಕೆ. ಡೆಕಾಲ್ ಹಳದಿ ಆಗಿದ್ರೆ ಕವರ್ ಸಮೇತ ಬಿಸಿಲು ಬೀಳೋ ಕಿಟಕಿ ಗಾಜಿಗೆ ಅಂಟಿಸಿಡಿ, ಸುಮಾರು ದಿನ ಆದ್ಮೇಲೆ ಹಳದಿ ಎಷ್ಟೋ ಇಳಿಯುತ್ತೆ. ಬಳಸೋ ಮುಂಚೆ ಬೇಡದ ಒಂದು ಚೂರನ್ನ ನೀರಲ್ಲಿ ಹಾಕಿ ನೋಡಿ, ಪುಡಿಪುಡಿ ಆದ್ರೆ ಉಳಿದ ಶೀಟಿಗೆ ಮೇಲಿಂದ ಕ್ಲಿಯರ್ ಕೋಟ್ ಇಲ್ಲಾ ಲಿಕ್ವಿಡ್ ಡೆಕಾಲ್ ಫಿಲ್ಮ್ ಹೊಡೀಬೇಕು, ಆಮೇಲೆ ಪ್ರತೀ ಡೆಕಾಲನ್ನೂ ಅಂಚು ಹಿಡಿದು ಕತ್ತರಿಸಬೇಕು. ಕಟ್ಟಿ ಮುಗಿಸಿದ ಕಾರಲ್ಲೂ ರಿಮ್ಮಿಗೂ ವಿನೈಲ್ ಟೈರಿಗೂ ಮಧ್ಯೆ ತೆಳು ಫಾಯಿಲ್ ಸುತ್ತಿದ್ರೆ ಆಮೇಲೆ ರಿಮ್ಮು ಕರಗೋದು ತಪ್ಪುತ್ತೆ. ನಂದು ಆ ಅಂಟಿಸಿದ ಇಂಜಿನ್ ಪಾರ್ಟ್ಸ್ ಡಬ್ಬಕ್ಕೆ ಹೋಯ್ತು, ಬಾಡಿ ಮಾತ್ರ ಚೆನ್ನಾಗಿದೆ, ಅದಕ್ಕೆ ಹೊಂದೋ ಹಿಂದಿನ ಬಂಪರ್ ಯಾರ ಹತ್ರಾದ್ರೂ ಬಿಡಿಯಾಗಿ ಇದ್ರೆ ಹೇಳಿ, ಫೋಟೋ ಮೊದಲು ಕಳಿಸಿ.