ಪಂಚಗಂಗಾವಳಿಯಲ್ಲಿ ಸಾಫ್ಟ್ ಲೂರ್: ಜಿಗ್ ಹೆಡ್, ಟೆಕ್ಸಾಸ್ ಮತ್ತು ಉಳಿದ ರಿಗ್‌ಗಳ ಹೋಲಿಕೆ

ಸಾಫ್ಟ್ ಲೂರ್, ಅಂದರೆ ಮೀನನ್ನು ಸೆಳೆಯುವ ಮೆತ್ತನೆಯ ಪ್ಲಾಸ್ಟಿಕ್ ಎರೆ, ಕೊಳ್ಳುವಾಗ ಅದರ ಬಣ್ಣದ ಬಗ್ಗೆ, ಬಾಲದ ಆಕಾರದ ಬಗ್ಗೆ ಬಹಳ ಹೊತ್ತು ಯೋಚಿಸುವ ನಾವು, ಅದನ್ನು ಯಾವ ಗಾಳಕ್ಕೆ ಚುಚ್ಚಬೇಕು, ಸೀಸವನ್ನು ಎಲ್ಲಿ ಕೂರಿಸಬೇಕು ಎಂಬುದನ್ನು ಮಾತ್ರ ಅಂಗಡಿಯಲ್ಲಿ ಸಿಕ್ಕಿದ ಸಾಮಾನಿಗೇ ಬಿಟ್ಟುಬಿಡುತ್ತೇವೆ. ಕುಂದಾಪುರದ ಸುತ್ತಿನ ಹಿನ್ನೀರಿನಲ್ಲಿ ಗಾಳ ಹಾಕುತ್ತ ಬಂದ ನನಗೆ, ಲೂರಿನ ಬಣ್ಣ ಬದಲಿಸಿದ್ದರಿಂದ ಆದ ಲಾಭಕ್ಕಿಂತ ರಿಗ್ (ಗಾಳ, ಸೀಸ, ಲೂರುಗಳನ್ನು ನೂಲಿಗೆ ಜೋಡಿಸುವ ರೀತಿ) ಬದಲಿಸಿದ್ದರಿಂದ ಆದ ಲಾಭವೇ ಹೆಚ್ಚು ಎಂಬುದು ಕ್ರಮೇಣ ಖಚಿತವಾಯಿತು. ಆದ್ದರಿಂದ ಕಳೆದ ಮಳೆಗಾಲ ಮುಗಿದ ಮೇಲೆ, ಒಂದೇ ಅಳತೆಯ ನಾಲ್ಕಿಂಚಿನ ಶ್ಯಾಡ್ (ಮೀನಿನಾಕಾರದ ಲೂರ್), ಒಂದೇ ಏಳಡಿಯ ರಾಡ್, 20 ಪೌಂಡ್ ತಾಳುವ ಬ್ರೇಡ್ (ಹೆಣೆದ ನೂಲು) ಮತ್ತು ಅದರ ತುದಿಗೆ ಒಂದು ಮೀಟರಿನಷ್ಟು 30 ಪೌಂಡಿನ ಫ್ಲೋರೋಕಾರ್ಬನ್ ಲೀಡರ್ ನೂಲು ಇಟ್ಟುಕೊಂಡು, ರಿಗ್ ಒಂದನ್ನೇ ಬದಲಿಸುತ್ತ ಹೋಲಿಸಿ ನೋಡಿದೆ.

ಜಾಗದ ಬಗ್ಗೆ ಮೊದಲು ಹೇಳಬೇಕು, ಏಕೆಂದರೆ ಜಾಗವನ್ನು ಬಿಟ್ಟು ರಿಗ್‌ನ ಗುಣದೋಷ ಹೇಳುವುದರಲ್ಲಿ ಅರ್ಥವಿಲ್ಲ. ಸೌಪರ್ಣಿಕಾ, ವಾರಾಹಿ, ಚಕ್ರಾ ಮುಂತಾದ ಐದು ನದಿಗಳು ಕೂಡಿ ಗಂಗೊಳ್ಳಿಯ ಅಳಿವೆಯಲ್ಲಿ ಕಡಲು ಸೇರುವ ಈ ಪಂಚಗಂಗಾವಳಿಯ ನೀರಿನಲ್ಲಿ ಮೂರು ಬಗೆಯ ತಳವಿದೆ. ನಡುವಿನ ಹರಿವಿನಲ್ಲಿ ಮರಳು ಮತ್ತು ಕೆಸರು. ದಂಡೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಬೇರುಗಳ ದಟ್ಟಣೆ. ಅಳಿವೆಯ ಬಾಯಲ್ಲಿ ತಡೆಗೋಡೆಯ ಕಲ್ಲುಗಳು. ಕೆಂಬೇರಿ ಮೀನು ಬೇರುಗಳ ನಡುವೆ ಹೊಂಚು ಹಾಕುತ್ತದೆ, ಮುರು ಮೀನು ಕಲ್ಲಿನ ಸಂದಿಯಲ್ಲಿ ಇರುತ್ತದೆ, ಸೀಬಾಸ್ ಎರಡೂ ಕಡೆ ಸಿಗುತ್ತದೆ, ಕೊಕ್ಕರ್ ಮೀನು ಹರಿವಿನಲ್ಲಿ ಮರಿ ಮೀನುಗಳನ್ನು ಅಟ್ಟಿಕೊಂಡು ಬರುತ್ತದೆ.

ಜಿಗ್ ಹೆಡ್ ಎಲ್ಲರೂ ಮೊದಲು ಕಲಿಯುವ ರಿಗ್, ಮತ್ತು ಅದು ನ್ಯಾಯವೇ. ಸೀಸವೂ ಗಾಳವೂ ಒಂದೇ ತುಂಡಾಗಿರುವುದರಿಂದ ತಳದ ಸ್ಪರ್ಶ ನೇರವಾಗಿ ಕೈಗೆ ಬರುತ್ತದೆ. ಗಾಳದ ಮೊನೆ ತೆರೆದೇ ಇರುವುದರಿಂದ ಮೀನು ಕಚ್ಚಿದಾಗ ಜೋರಾಗಿ ಎಳೆಯುವ ಅಗತ್ಯವಿಲ್ಲ. ಮರಳಿನ ಹರಿವಿನಲ್ಲಿ ಕೊಕ್ಕರ್ ಹಿಡಿಯಲು ಇದಕ್ಕೆ ಸರಿಸಾಟಿಯಾದದ್ದು ನನಗೆ ಬೇರೆ ಕಾಣಲಿಲ್ಲ. ತೂಕವನ್ನು ನೀರಿನ ಆಳಕ್ಕಿಂತ ಹರಿವಿನ ವೇಗ ನೋಡಿ ಆರಿಸಬೇಕು: ಇಳಿತ ಜೋರಾಗಿರುವಾಗ 14 ಗ್ರಾಂ ಬೇಕಾಗುವ ಜಾಗದಲ್ಲಿಯೇ, ನೀರು ನಿಂತಾಗ 7 ಗ್ರಾಂ ಸಾಕಾಗುತ್ತದೆ. ಲೂರ್ ತಳ ಮುಟ್ಟಿದ್ದು ಕೈಗೆ ತಿಳಿಯದಿದ್ದರೆ ತೂಕ ಕಡಿಮೆಯಾಯಿತೆಂದು ಅರ್ಥ. ಚುಚ್ಚುವ ಮೊದಲು ಲೂರನ್ನು ಗಾಳದ ಪಕ್ಕದಲ್ಲಿಟ್ಟು, ಮೊನೆ ಹೊರಬರಬೇಕಾದ ಜಾಗವನ್ನು ಉಗುರಿನಿಂದ ಗುರುತು ಮಾಡಿಕೊಳ್ಳಬೇಕು; ಒಂದಿಷ್ಟು ಸೊಟ್ಟಗಾದರೂ ಲೂರ್ ಗಿರಗಿರನೆ ಸುತ್ತಿ ನೂಲನ್ನೆಲ್ಲ ಹುರಿ ಮಾಡುತ್ತದೆ.

ಆದರೆ ಅದೇ ಜಿಗ್ ಹೆಡ್ಡನ್ನು ಕಾಂಡ್ಲಾ ದಂಡೆಗೆ ಒಯ್ದ ಒಂದು ಬೆಳಗ್ಗೆ, ಎರಡು ಗಂಟೆಯೊಳಗೆ ಆರು ಜಿಗ್ ಹೆಡ್‌ಗಳನ್ನು ಬೇರಿಗೆ ಕೊಟ್ಟು ಬರಿಗೈಯಲ್ಲಿ ಬಂದೆ. ಹಣ ಹೋದದ್ದು ಒಂದು ಬೇಸರವಾದರೆ, ಆ ಆರೂ ಗಾಳಗಳು ಪ್ಲಾಸ್ಟಿಕ್ ಸಮೇತ ಅಲ್ಲಿಯೇ ಉಳಿದವು ಎಂಬ ಬೇಸರ ಅದಕ್ಕಿಂತ ದೊಡ್ಡದಾಗಿತ್ತು. ಮರಿ ಮೀನು, ಸಿಗಡಿಗಳು ಬೆಳೆಯುವ ಜಾಗವದು.

ಕಾಂಡ್ಲಾಕ್ಕೆ ಟೆಕ್ಸಾಸ್ ರಿಗ್ ಸರಿಯಾದ ಉತ್ತರ ಎಂದು ಎಲ್ಲರೂ ಹೇಳುತ್ತಾರೆ. ನೂಲಿಗೆ ಮೊದಲು ತೂತಿರುವ ಬುಲೆಟ್ ಆಕಾರದ ಸೀಸ, ಅನಂತರ 4/0 ಅಳತೆಯ ಆಫ್‌ಸೆಟ್ ಗಾಳ, ಅಂದರೆ ನೂಲು ಕಟ್ಟುವ ಕಣ್ಣಿನ ಬಳಿ ಮೆಟ್ಟಿಲಿನಂತೆ ಬಾಗಿದ ಗಾಳ. ಗಾಳದ ಮೊನೆಯನ್ನು ಲೂರಿನ ಬೆನ್ನಿನ ಚರ್ಮದಡಿಯಲ್ಲಿ ಸಿಕ್ಕಿಸಿ ಮರೆಮಾಡಲಾಗುತ್ತದೆ. ಬೇರುಗಳ ಮೇಲೆ ಅದು ಜಾರಿಕೊಂಡು ಬರುವ ರೀತಿ ನಿಜಕ್ಕೂ ಮೆಚ್ಚುವಂಥದ್ದು. ಆದರೆ ಅದರ ಎರಡು ತೊಂದರೆಗಳನ್ನು ನಾನು ಅನುಭವದಿಂದಲೇ ಕಲಿಯಬೇಕಾಯಿತು. ಮೊದಲನೆಯದು, ಸೀಸವನ್ನು ಸಡಿಲವಾಗಿ ಬಿಟ್ಟರೆ ಅದು ಬೇರಿನ ಒಂದು ಮಗ್ಗುಲಿಗೆ ಇಳಿದು ಲೂರ್ ಇನ್ನೊಂದು ಮಗ್ಗುಲಿನಲ್ಲಿ ನೇತಾಡುತ್ತದೆ, ಎಳೆದರೆ ನೂಲು ಬೇರಿಗೆ ಸುತ್ತುತ್ತದೆ. ಸೀಸದ ಮೇಲೆ ಒಂದು ರಬ್ಬರ್ ಸ್ಟಾಪರ್ ಹಾಕಿ ಅದನ್ನು ಲೂರಿನ ತಲೆಗೆ ಒತ್ತಿ ನಿಲ್ಲಿಸಿದ ಮೇಲೆ ಈ ಸಮಸ್ಯೆ ಬಹುಮಟ್ಟಿಗೆ ತಪ್ಪಿತು. ಎರಡನೆಯದು, ಮೊನೆ ಅಡಗಿರುವುದರಿಂದ ಮೀನು ಕಚ್ಚಿದ ಕೂಡಲೇ ಬಲವಾಗಿ ಎಳೆದು ಮೊನೆಯನ್ನು ಪ್ಲಾಸ್ಟಿಕ್‌ನಿಂದ ಹೊರತರಬೇಕು, ಮತ್ತು ಕೆಂಬೇರಿಯಾದರೆ ಕಚ್ಚಿದ ಕ್ಷಣದಲ್ಲಿಯೇ ಬೇರಿನತ್ತ ತಿರುಗುವುದರಿಂದ ಆ ಎಳೆತವೇ ಅದನ್ನು ಹೊರಕ್ಕೆ ತರುವ ಎಳೆತವೂ ಆಗಿರಬೇಕು. ರೀಲಿನ ಡ್ರ್ಯಾಗ್ (ಮೀನು ಎಳೆದಾಗ ನೂಲು ಬಿಚ್ಚಿಕೊಳ್ಳುವುದನ್ನು ತಡೆಯುವ ಬಿಗಿತ) ಸಡಿಲವಿದ್ದು ಕಳೆದುಕೊಂಡ ಕೆಂಬೇರಿಗಳು ನನಗೆ ಇಂದಿಗೂ ನೆನಪಿವೆ. ತೆಳು ತಂತಿಯ ಗಾಳ ಇಲ್ಲಿ ಕೂಡದು. ಬಿಗಿ ಡ್ರ್ಯಾಗ್‌ನಲ್ಲಿ ಅದು ನೆಟ್ಟಗಾಗಿ ಬರುತ್ತದೆ.

ಟೆಕ್ಸಾಸ್ ರಿಗ್‌ನಲ್ಲಿ ತೂಕವೆಲ್ಲ ಮೂತಿಯಲ್ಲಿಯೇ ಇರುವುದರಿಂದ ಲೂರ್ ತಲೆಕೆಳಗಾಗಿ ಇಳಿಯುತ್ತದೆ, ಆಗ ಶ್ಯಾಡ್‌ನ ಬಾಲ ಸರಿಯಾಗಿ ಆಡುವುದಿಲ್ಲ. ಸಿಗಡಿಯಾಕಾರದ ಲೂರಿಗೆ ಇದು ಹೊಂದುತ್ತದೆ, ಮೀನಿನಾಕಾರದ್ದಕ್ಕೆ ಅಷ್ಟಾಗಿ ಇಲ್ಲ. ಟಂಗ್‌ಸ್ಟನ್ ಗುಂಡು ಬಳಸಿದರೆ, ಅದು ಸೀಸಕ್ಕಿಂತ ಬಹಳ ಸಾಂದ್ರವಾದ ಲೋಹವಾದ್ದರಿಂದ, ಅದೇ ತೂಕಕ್ಕೆ ಗಾತ್ರ ಸುಮಾರು ಮೂರರಲ್ಲಿ ಎರಡು ಪಾಲಿನಷ್ಟೇ ಆಗಿ ಸಂದಿಗಳಲ್ಲಿ ಸಿಕ್ಕಿಕೊಳ್ಳುವುದು ಕಡಿಮೆಯಾಗುತ್ತದೆ. ಬೆಲೆ ಮಾತ್ರ ಸೀಸದ ಹಲವು ಪಟ್ಟು.

ಇದೇ ಕಾರಣದಿಂದ ನನ್ನ ಮನಸ್ಸು ಗೆದ್ದದ್ದು ಹೊಟ್ಟೆಯಲ್ಲಿ ಸೀಸವಿರುವ ಆಫ್‌ಸೆಟ್ ಗಾಳ. ಇಲ್ಲಿ 3ರಿಂದ 5 ಗ್ರಾಂ ಸೀಸವನ್ನು ಗಾಳದ ಬಾಗಿನ ಹತ್ತಿರವೇ ಎರಕ ಹೊಯ್ದಿರುತ್ತಾರೆ. ಲೂರ್ ಮಟ್ಟಸವಾಗಿ, ನಿಧಾನವಾಗಿ, ಬಾಲ ಆಡಿಸುತ್ತಲೇ ಇಳಿಯುತ್ತದೆ. ನನಗೆ ಬಿದ್ದ ಸೀಬಾಸ್‌ಗಳಲ್ಲಿ ಹೆಚ್ಚಿನವು ಇಳಿಯುವಾಗಲೇ ಕಚ್ಚಿದವು. ರಾಡನ್ನು ತಗ್ಗಿಸಿ ಬೀಸಿದರೆ ಚಪ್ಪಟೆ ಕಲ್ಲು ನೀರಿನ ಮೇಲೆ ಕುಪ್ಪಳಿಸಿದಂತೆ ಲೂರ್ ಕುಪ್ಪಳಿಸಿ ಬಾಗಿದ ಕೊಂಬೆಗಳ ಅಡಿಗೆ ಹೋಗುತ್ತದೆ, ಟೆಕ್ಸಾಸ್‌ನ ಮೂತಿಭಾರದಿಂದ ನನಗೆ ಇದು ಸಾಧ್ಯವಾಗಲಿಲ್ಲ. ಭರತದ ಕೊನೆಯ ಒಂದು ಗಂಟೆ, ನೀರು ಕಾಂಡ್ಲಾದೊಳಕ್ಕೆ ಹೊಕ್ಕು ಮೊಣಕಾಲಿನಿಂದ ಸೊಂಟದವರೆಗಿನ ಆಳವಿರುವಾಗ, ಇದಕ್ಕಿಂತ ಉತ್ತಮ ರಿಗ್ ಇಲ್ಲ ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ. ಆದರೆ ಇಳಿತ ಶುರುವಾಗಿ ನೀರು ಬೇರುಗಳಿಂದ ಹೊರಕ್ಕೆ ಸೆಳೆಯತೊಡಗಿದರೆ ಐದು ಗ್ರಾಂ ಸೀಸ ಲೂರನ್ನು ತಳದಲ್ಲಿ ಹಿಡಿಯಲಾರದು. ಕೆಂಬೇರಿ ಬೇರಿನ ಹೊರ ಅಂಚಿನ ಗುಂಡಿಗೆ ಇಳಿಯುವುದೂ ಆಗಲೇ, ಹೀಗಾಗಿ ಆ ಹೊತ್ತಿಗೆ ನಾನು 10 ಗ್ರಾಂನ ಟೆಕ್ಸಾಸ್‌ಗೆ ಮರಳುತ್ತೇನೆ.

ಕೆರೋಲಿನಾ ರಿಗ್‌ನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೀಸಕ್ಕೂ ಲೂರಿಗೂ ನಡುವೆ ಅರ್ಧ ಮೀಟರಿಗೂ ಮಿಕ್ಕಿದ ನೂಲಿರುವುದರಿಂದ ಬೀಸುವಾಗ ಸಿಕ್ಕಾಗುತ್ತದೆ, ಕಚ್ಚಿದ್ದು ಕೈಗೆ ತಡವಾಗಿ ತಿಳಿಯುತ್ತದೆ. ನಾಲ್ಕು ದಿನ ಬಳಸಿ ಬಿಟ್ಟೆ.

ತಡೆಗೋಡೆಯ ಕಲ್ಲುಗಳ ಮೇಲೆ ಹೋಲಿಕೆ ಡ್ರಾಪ್ ಶಾಟ್ ಮತ್ತು ಚೆಬುರಾಶ್ಕಾ ನಡುವೆ ನಡೆಯಿತು. ಡ್ರಾಪ್ ಶಾಟ್‌ನಲ್ಲಿ ಸೀಸ ನೂಲಿನ ತುದಿಯಲ್ಲಿದ್ದು, ಗಾಳ ಅದಕ್ಕಿಂತ 30–40 ಸೆಂಟಿಮೀಟರ್ ಮೇಲೆ ಪಾಲೋಮರ್ ಗಂಟಿನಿಂದ ಅಡ್ಡಲಾಗಿ ನಿಲ್ಲುತ್ತದೆ. ನೇರ ಕೆಳಗೆ ಬಿಟ್ಟಾಗ ಲೂರ್ ಕಲ್ಲಿನ ಸಂದಿಯ ಬಾಯಲ್ಲಿಯೇ ನಿಂತು ನಡುಗುವುದರಿಂದ ಮುರು ಮೀನು ಹೊರಗೆ ಬರುತ್ತದೆ. ಸೀಸವನ್ನು ಮುಖ್ಯ ಲೀಡರಿಗಿಂತ ದುರ್ಬಲವಾದ ಬೇರೆ ನೂಲಿನ ತುಂಡಿನಿಂದ ಕಟ್ಟಿದರೆ, ಅದು ಸಿಕ್ಕಿಕೊಂಡಾಗ ಸೀಸವಷ್ಟೇ ಕಿತ್ತುಹೋಗಿ ಗಾಳವೂ ಲೂರೂ ಉಳಿಯುತ್ತವೆ. ಆದರೆ ದೂರ ಬೀಸಿದರೆ ಈ ರಿಗ್‌ನ ಸೊಗಸು ಹೋಗುತ್ತದೆ, ಅಲೆ ಇರುವ ದಿನ ನೂಲು ಹುರಿಗೊಳ್ಳುತ್ತದೆ.

ಚೆಬುರಾಶ್ಕಾ ಎಂದರೆ ಎರಡು ಕಡೆ ತಂತಿಯ ಕಿವಿಗಳಿರುವ ಸೀಸದ ಗುಂಡು. ಒಂದು ಕಿವಿಗೆ ನೂಲು, ಇನ್ನೊಂದಕ್ಕೆ ಗಾಳ. ತಂತಿಯನ್ನು ಹೊರಗೆಳೆದು ಗಾಳವನ್ನೂ ತೂಕವನ್ನೂ ಬೇರೆಬೇರೆಯಾಗಿ ಬದಲಿಸಬಹುದು. ಜಿಗ್ ಹೆಡ್‌ನಲ್ಲಿ ಮೀನು ತಲೆ ಕೊಡವಿದಾಗ ಬಿಗಿಯಾಗಿ ಸೇರಿಕೊಂಡಿರುವ ಸೀಸದ ಭಾರವೇ ಸನ್ನೆಕೋಲಿನಂತೆ ಗಾಳವನ್ನು ಕಳಚಲು ನೆರವಾಗುತ್ತದೆ. ಇಲ್ಲಿ ಸೀಸ ಕೀಲಿನಂತೆ ಆಡುವುದರಿಂದ ಆ ಅಪಾಯ ಕಡಿಮೆ. ನೀರಿನಿಂದ ಹಾರಿ ತಲೆ ಕೊಡವುವ ಸೀಬಾಸ್‌ನ ವಿಷಯದಲ್ಲಿ ಈ ವ್ಯತ್ಯಾಸ ನನಗೆ ಸ್ಪಷ್ಟವಾಗಿ ಕಂಡಿತು. ಆಫ್‌ಸೆಟ್ ಗಾಳ ಹಾಕಿದರೆ ಕಲ್ಲಿಗೆ ಸಿಕ್ಕುವುದೂ ಕಡಿಮೆ. ದೋಷವೆಂದರೆ ತಂತಿ: ದೊಡ್ಡ ಮೀನೊಂದರ ನಂತರ ಅದು ಬಾಗಿದೆಯೇ ಎಂದು ನೋಡದೆ ಮತ್ತೆ ಬೀಸಬಾರದು.

ಆಫ್‌ಸೆಟ್ ಗಾಳ ಬಳಸುವ ಎಲ್ಲ ರಿಗ್‌ಗಳಿಗೂ ಅನ್ವಯಿಸುವ ಒಂದು ಮಾತು ಉಳಿದಿದೆ. ಮೊನೆ ಪ್ಲಾಸ್ಟಿಕ್‌ನೊಳಗೆ ಇರುವುದರಿಂದ ಉಪ್ಪುನೀರು ಅಲ್ಲಿಯೇ ನಿಂತು, ಒಂದೇ ರಾತ್ರಿಯಲ್ಲಿ ಮೊನೆಗೆ ತುಕ್ಕು ಹಿಡಿಯುತ್ತದೆ, ಮರುದಿನ ಕಚ್ಚಿದ ಮೀನು ಏಕೆ ತಪ್ಪಿಸಿಕೊಂಡಿತೆಂದು ತಿಳಿಯುವುದೇ ಇಲ್ಲ. ಮನೆಗೆ ಬಂದ ಕೂಡಲೇ ಲೂರನ್ನು ಗಾಳದಿಂದ ಬಿಡಿಸಿ, ಎರಡನ್ನೂ ಬಾವಿ ನೀರಿನಲ್ಲಿ ತೊಳೆದು, ಒರೆಸಿ, ಬೇರೆಬೇರೆಯಾಗಿ ಒಣಗಲು ಇಡುವುದನ್ನು ನಾನು ತಪ್ಪಿಸುವುದಿಲ್ಲ.