ಬಾನೆಟ್ ಬಿಸಿ ಇಳಿಸಲು ಹೋಗಿ ಟರ್ಬೊ ಕಳೆದುಕೊಂಡ ಕಾರು

ಬೇಸಿಗೆ ಬಂತೆಂದರೆ ಟರ್ಬೊ (ಎಕ್ಸಾಸ್ಟ್ ಹೊಗೆಯ ಬಲದಲ್ಲಿ ತಿರುಗಿ ಇಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಭಾಗ) ಇರುವ ಪೆಟ್ರೋಲ್ ಕಾರಿನವರದು ಒಂದೇ ದೂರು: ಬಾನೆಟ್ ಮುಟ್ಟೋಕಾಗಲ್ಲ, ಟ್ರಾಫಿಕ್‌ನಲ್ಲಿ ಗಾಡಿ ಎಳೆಯಲ್ಲ. ಇದಕ್ಕೆಂದೇ ಒಂದು ಕಾರಿಗೆ ಒಂದೇ ಮಧ್ಯಾಹ್ನ ಮೂರು ‘ಉಪಾಯ’ ಮಾಡಿದ್ದರು. ಒಂದು ಲೀಟರಿನ, ಮೂರು ಸಿಲಿಂಡರ್ ಇಂಜಿನ್. ಟರ್ಬೊಗೂ ಅದರ ಕೆಳಗಿನ ಎಕ್ಸಾಸ್ಟ್ ಪೈಪಿಗೂ ಬಿಸಿ ಹೊರಬರದಂತೆ ಫೈಬರ್‌ಗ್ಲಾಸ್ ಪಟ್ಟಿ ಸುತ್ತಿದ್ದರು. ಬಾನೆಟ್ಟಿನ ಹಿಂಬದಿಯ ಹಿಂಜ್‌ಗೆ (ಕೀಲು) ವಾಷರ್ ಕೊಟ್ಟು ಅರ್ಧ ಇಂಚು ಎತ್ತಿದ್ದರು. ‘ಗಾಳಿ ಆಡಲಿ’ ಅಂತ ಇಂಜಿನ್ ಅಡಿಯ ಪ್ಲಾಸ್ಟಿಕ್ ಕವರ್ ಬಿಚ್ಚಿ ಡಿಕ್ಕಿಗೆ ಹಾಕಿ ಕಳಿಸಿದ್ದರು. ಮುಂದಿನ ಬೇಸಿಗೆಗೂ ಮೊದಲೇ ಸೈಲೆನ್ಸರಿನಲ್ಲಿ ನೀಲಿ ಹೊಗೆ, ಟರ್ಬೊ ಶಾಫ್ಟಿನಲ್ಲಿ ಸಡಿಲ ಅಲುಗಾಟ. ಸುತ್ತಿದ ಪಟ್ಟಿ ಎಣ್ಣೆ ಕುಡಿದು ಹೊಗೆಯಾಡುತ್ತಿತ್ತು.

ದೊಡ್ಡ ತಪ್ಪು ಆ ಪಟ್ಟಿಯದೇ. ಪೂರ್ತಿ ಎಳೆತದಲ್ಲಿ ಪೆಟ್ರೋಲ್ ಟರ್ಬೊಗೆ ನುಗ್ಗುವ ಹೊಗೆಯ ಬಿಸಿ 900 ಡಿಗ್ರಿಯ ಆಸುಪಾಸು. ಟರ್ಬೊದಲ್ಲಿ ಮೂರು ಭಾಗ ಇವೆ: ಎಕ್ಸಾಸ್ಟ್ ಕಡೆಯ ಎರಕದ ಹೌಸಿಂಗ್, ಗಾಳಿ ಕಡೆಯ ಅಲ್ಯೂಮಿನಿಯಂ ಹೌಸಿಂಗ್, ಎರಡರ ನಡುವೆ ಬೇರಿಂಗ್ ಕೂತಿರುವ ಭಾಗ. ಹೊದಿಕೆ ಹಾಕಲೇಬೇಕೆಂದರೆ ಮೊದಲನೆಯದಕ್ಕೆ ಮಾತ್ರ, ಅದೂ ಆ ಅಳತೆಗೇ ಹೊಲಿದ ಟರ್ಬೊ ಬ್ಲಾಂಕೆಟ್. ಇಲ್ಲಿ ಮೂರನ್ನೂ ಸೇರಿಸಿ ಕಂಬಳಿ ಹೊದಿಸಿದಂತೆ ಸುತ್ತಿದ್ದರು. ಇಂಜಿನ್ ಆಫ್ ಮಾಡಿದ ಮೇಲೆ ನಡುವಿನ ಭಾಗದ ಬಿಸಿ ಹೊರಗೆ ಹೋಗಲಾರದೆ, ಅಲ್ಲೇ ನಿಂತ ಆಯಿಲ್ ಕರಿಕಟ್ಟಿತು. ಟರ್ಬೊದಿಂದ ಆಯಿಲ್ ವಾಪಸ್ ಇಳಿಯುವುದು ತನ್ನ ಭಾರದಿಂದಲೇ, ಪಂಪ್ ಎಳೆಯುವುದಿಲ್ಲ. ಆ ಕರಿ ಕಟ್ಟಿ ರಿಟರ್ನ್ ಪೈಪು ಕಿರಿದಾದರೆ ಆಯಿಲ್ ಒಳಗೇ ತುಂಬಿ ಸೀಲ್ ದಾಟಿ ಎಕ್ಸಾಸ್ಟಿಗೆ ಹೋಗುತ್ತದೆ. ಆ ನೀಲಿ ಹೊಗೆ ಬಂದದ್ದು ಹಾಗೆ. ಜಾಯಿಂಟಿನಿಂದ ಜಿನುಗಿದ್ದನ್ನು ಪಟ್ಟಿ ದೀಪದ ಬತ್ತಿಯಂತೆ ಹೀರಿಕೊಂಡಿತ್ತು. ಬೆಂಕಿ ಹತ್ತದಿದ್ದದ್ದು ಪುಣ್ಯ.

ಇನ್ನೊಂದು ವಿಷಯ ಸುತ್ತುವವರಿಗೆ ಹೊಳೆಯುವುದೇ ಇಲ್ಲ. ಈಚಿನ ಹಲವು ಸಣ್ಣ ಟರ್ಬೊ ಕಾರುಗಳಲ್ಲಿ ಟರ್ಬೊದ ಬಾಯಿಗೇ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯ ವಿಷ ತಗ್ಗಿಸುವ ಡಬ್ಬಿ) ಅಂಟಿಕೊಂಡಿರುತ್ತದೆ. ‘ಪೈಪ್’ ಅಂದುಕೊಂಡು ಸುತ್ತುವುದು ಅದನ್ನೇ. ತಾನೇ ಉರಿಯುವ ಭಾಗವನ್ನು ಮುಚ್ಚಿಟ್ಟರೆ ಒಳಗಿನ ಜೇನುಗೂಡಿನಂಥ ಜಾಲರಿ ಕರಗಿ ಎಕ್ಸಾಸ್ಟ್ ಕಟ್ಟಿಕೊಳ್ಳಬಹುದು. ಆಕ್ಸಿಜನ್ ಸೆನ್ಸರ್, ಅಲುಗುವ ಬೆಲ್ಲೋಸ್ ಜಾಯಿಂಟ್, ವೇಸ್ಟ್‌ಗೇಟ್ ಆಕ್ಚುಯೇಟರ್ (ಟರ್ಬೊದ ಒತ್ತಡ ಹಿಡಿತದಲ್ಲಿಡುವ ಭಾಗ), ಇವುಗಳ ಮೇಲೂ ಪಟ್ಟಿ ಬರಕೂಡದು. ಇನ್ನು ಪಟ್ಟಿಯ ದಪ್ಪಕ್ಕೆ ಕಂಪನಿಯ ಹೀಟ್ ಶೀಲ್ಡ್ (ಬಿಸಿ ತಡೆಯುವ ತಗಡು) ಮತ್ತೆ ಕೂರಲಿಲ್ಲವೆಂದು ಅದನ್ನೇ ತೆಗೆದುಹಾಕಿದ್ದರು! ಶೀಲ್ಡಿನ ಗುಣವೇ ತಗಡಿನ ಹೊಳಪು ಮತ್ತು ಪೈಪಿಗೂ ಅದಕ್ಕೂ ನಡುವಿನ ಗಾಳಿಯ ಸಂದು. ಅದು ಹೋದ ಮೇಲೆ ಪಕ್ಕದ ವೈರಿಂಗ್ ಕವಚ ಹಪ್ಪಳದಂತೆ ಪುಡಿಯಾಗುತ್ತಿತ್ತು.

ಕನ್ವರ್ಟರ್ ದಾಟಿದ ಬರೀ ಸ್ಟೀಲ್ ಪೈಪಿಗೆ ಸುತ್ತುವುದಾದರೆ 2 ಇಂಚಿನ ಪಟ್ಟಿ, ಸುತ್ತಿನ ಮೇಲೆ ಸುತ್ತು ಸುಮಾರು 6 ಮಿ.ಮೀ., ಸ್ಟೇನ್‌ಲೆಸ್ ಟೈ ಬಳಸಿ. ಪಟ್ಟಿ ನೀರನ್ನೂ ಹಿಡಿದಿಡುತ್ತದೆ, ಹಾಗಾಗಿ ಮಂಗಳೂರು, ಉಡುಪಿ ಕಡೆಯ ಮಳೆಗೆ ಮಾಮೂಲಿ ಸ್ಟೀಲ್ ಪೈಪು ಅದರಡಿಯಲ್ಲೇ ತುಕ್ಕು ತಿನ್ನುತ್ತದೆ. ನಮ್ಮ ಅಭಿಪ್ರಾಯ ಕೇಳಿದರೆ ರಸ್ತೆ ಕಾರಿಗೆ ಪಟ್ಟಿಯೇ ಬೇಡ.

ವಾಷರ್ ಉಪಾಯ ಗಾಡಿ ನಿಂತಾಗ ಕೆಲಸ ಮಾಡುವಂತೆ ಕಾಣುತ್ತದೆ, ಬಿಸಿಗಾಳಿ ಹಿಂದಿನಿಂದ ಏಳುತ್ತದೆ. ಓಡುವಾಗ ಉಲ್ಟಾ. ಮುಂದಿನ ಗಾಜಿನ ಬುಡದಲ್ಲಿ ಗಾಳಿಯ ಒತ್ತಡ ಜಾಸ್ತಿ, ಹಾಗಾಗಿ ಗಾಳಿ ಆ ಸಂದಿನಿಂದ ಒಳಕ್ಕೇ ನುಗ್ಗಿ ರೇಡಿಯೇಟರ್ ಮೂಲಕ ಬರುವ ಗಾಳಿಯನ್ನು ತಡೆಯುತ್ತದೆ. ಕ್ಯಾಬಿನ್ನಿಗೆ ಹೊರಗಾಳಿ ಹೋಗುವ ಕಿಂಡಿಯೂ ಅಲ್ಲೇ. ಎಕ್ಸಾಸ್ಟ್ ಗ್ಯಾಸ್ಕೆಟ್ ಎಲ್ಲಾದರೂ ಸೋರುತ್ತಿದ್ದರೆ, ಸಿಗ್ನಲ್ಲಿನಲ್ಲಿ ನಿಂತಾಗ ವಿಷಕಾರಿ ಕಾರ್ಬನ್ ಮಾನಾಕ್ಸೈಡ್ ನೇರ ಒಳಗೆ ಬರಬಹುದು. ಅದಕ್ಕೆ ವಾಸನೆ ಇಲ್ಲ.

ಅಡಿ ಕವರ್ ತೆಗೆದರೂ ಹೀಗೇ. ರೇಡಿಯೇಟರ್ ಹಿಂದಿನ ಬಿಸಿಗಾಳಿ ಹೊರಹೋಗುವ ದಾರಿಯನ್ನು ಆ ಕವರಿನ ಲೆಕ್ಕದಲ್ಲೇ ಮಾಡಿರುತ್ತಾರೆ. ಥರ್ಮೋಸ್ಟಾಟ್ (ಇಂಜಿನ್ ಬಿಸಿಗೆ ತಕ್ಕಂತೆ ಕೂಲಂಟ್ ಬಿಡುವ ವಾಲ್ವ್) ಕಿತ್ತುಹಾಕುವ ಹಳೇ ಚಾಳಿಯಂತೂ ಬೇಡವೇ ಬೇಡ: ಇಂಜಿನ್ ಬಿಸಿ ಏರದೆ ಪೆಟ್ರೋಲ್ ಹೆಚ್ಚು ಸುರಿದು, ಅದು ಬೆರೆತು ಆಯಿಲ್ ತೆಳುವಾಗುತ್ತದೆ, ಅದೇ ಆಯಿಲ್ ಟರ್ಬೊಗೂ ಹೋಗುವುದು.

ಹಾಗಾದರೆ ನೋಡಬೇಕಾದ್ದೇನು? ಬಂಪರ್ ಬಿಚ್ಚಿ ಪೇಂಟ್ ಮಾಡಿಸಿದ ಕಾರಾದರೆ ರೇಡಿಯೇಟರ್ ಅಕ್ಕಪಕ್ಕದ ಪ್ಲಾಸ್ಟಿಕ್ ತಡೆಗಳು, ಫೋಮ್ ಪಟ್ಟಿ ವಾಪಸ್ ಕೂತಿವೆಯೇ ನೋಡಿ. ಅವಿಲ್ಲದಿದ್ದರೆ ಟ್ರಾಫಿಕ್‌ನಲ್ಲಿ ಫ್ಯಾನ್ ಉಗುಳಿದ ಬಿಸಿಗಾಳಿಯೇ ಸುತ್ತಿ ಮುಂದಿನಿಂದ ಮತ್ತೆ ಒಳಬರುತ್ತದೆ. ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಹುಳು, ಧೂಳು ಕಟ್ಟಿರುತ್ತದೆ. ಇಂಜಿನ್ ತಣ್ಣಗಿದ್ದಾಗ ಇಂಜಿನ್ ಕಡೆಯಿಂದ ಮುಂದಕ್ಕೆ ಮಾಮೂಲಿ ಪೈಪಿನ ನೀರು ಬಿಡಿ. ಪ್ರೆಶರ್ ವಾಷರ್ ಹಿಡಿದರೆ ಫಿನ್‌ಗಳು (ತೆಳು ತಗಡಿನ ಎಸಳು) ಮಲಗಿಬಿಡುತ್ತವೆ. ಫ್ಯಾನಿನ ಎರಡೂ ಸ್ಪೀಡ್ ಓಡಬೇಕು. ಕೂಲಂಟ್ ಬರೀ ನಲ್ಲಿ ನೀರಲ್ಲ, ಕಂಪನಿ ಹೇಳಿದ್ದು; ಬೆರೆಸದೆ ಬರುವ ಗಟ್ಟಿ ಕೂಲಂಟ್ ಆದರೆ ಡಿಸ್ಟಿಲ್ಡ್ ನೀರಿನ ಜೊತೆ ಸಾಮಾನ್ಯವಾಗಿ ಅರ್ಧಕ್ಕರ್ಧ. ಚಾರ್ಮಾಡಿಯಂಥ ಘಾಟಿ ಹತ್ತಿದ ಕೂಡಲೇ ಆಫ್ ಮಾಡದೆ ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಡಿ. ಆಫ್ ಆದ ಮೇಲೂ ಫ್ಯಾನ್ ಅಥವಾ ಸಣ್ಣ ಪಂಪು ಗುಂಯ್ ಅಂದರೆ ಅದು ಕೆಟ್ಟಿಲ್ಲ, ವೈರ್ ಕೀಳಬೇಡಿ.

ಬಿಸಿ ಅಳೆಯಲು ಲೇಸರ್ ಗನ್ ನಂಬಬೇಡಿ. ಹೊಳೆಯುವ ಲೋಹದ ಮೇಲೆ ಅದು ಕಡಿಮೆ ತೋರಿಸುತ್ತದೆ, ಫಾಯಿಲ್ ಅಂಟಿಸಿ ‘ಇಳೀತು ನೋಡಿ’ ಅನ್ನುವವರ ಗುಟ್ಟೇ ಇದು. ಕಾರಿನ ಕಂಪ್ಯೂಟರ್ ಓದುವ ಒಬಿಡಿ ಸ್ಕ್ಯಾನರಿನಲ್ಲಿ ಇಂಟೇಕ್ ಗಾಳಿಯ (ಇಂಜಿನ್ ಒಳಗೆಳೆಯುವ ಗಾಳಿ) ಬಿಸಿ ಓದಿ, ಕೆಲಸಕ್ಕೆ ಮುಂಚೆ ಮತ್ತು ನಂತರ, ಅದೇ ರಸ್ತೆಯಲ್ಲಿ ಅದೇ ಹೊತ್ತಿಗೆ.

ಆ ಕಾರಿಗೆ ಕೊನೆಗೆ ಹೊಸ ಟರ್ಬೊ ಬಂತು. ಜೊತೆಗೆ ಆಯಿಲ್ ಫೀಡ್ ಪೈಪ್, ರಿಟರ್ನ್ ಪೈಪ್ ಎರಡನ್ನೂ ಹೊಸದು ಹಾಕಲೇಬೇಕಾಯಿತು. ಹಳೇ ಪೈಪಿನ ಕರಿ ಹಾಗೇ ಉಳಿದರೆ ಹೊಸ ಟರ್ಬೊ ಕೂಡ ಅದೇ ದಾರಿ ಹಿಡಿಯುತ್ತದೆ. ಹೀಟ್ ಶೀಲ್ಡನ್ನು ಪಾರ್ಟ್ ನಂಬರ್ ಕೊಟ್ಟು ಬೇರೆಯಾಗಿ ತರಿಸಬೇಕಾಯಿತು.